ಲಗ್ನಪತ್ರಿಕೆ ಬಾರದ ಅಂಗಡಿ

ಮದುವೆ ಸೀಸನ್ ಶುರುವಾಯಿತೆಂದರೆ ನ್ಯಾಮತಿಯ ನೇತ್ರಾವತಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರುವುದಿಲ್ಲ. ಆದರೂ ಹದಿನೆಂಟು ವರ್ಷದಲ್ಲಿ ಗಿರಾಕಿಗಳ ಕಡೆಯಿಂದ ಅವಳಿಗೆ ಒಂದೇ ಒಂದು ಲಗ್ನಪತ್ರಿಕೆ ಬಂದಿಲ್ಲ.

ಬಸ್ ನಿಲ್ದಾಣದ ಹತ್ತಿರ, ಗೊಬ್ಬರದಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಹತ್ತಡಿ ಅಗಲದ ಅಂಗಡಿ ಅವಳದು. ಮುಂದೆ ಬಳೆ, ರಿಬ್ಬನ್ನು, ಕುಂಕುಮದ ಡಬ್ಬಿ. ಹೂವಿನ ಪರದೆಯ ಆಚೆ ಒನ್‌ಗ್ರಾಂ ಒಡವೆ, ಅಂದರೆ ಒಳಗೆ ತಾಮ್ರ, ಮೇಲೆ ಚಿನ್ನದ ತೆಳುವಾದ ಲೇಪ. ಚಿನ್ನದ ಬೆಲೆ ಮುಗಿಲಿಗೆ ಹತ್ತಿದ ಮೇಲೆ ಚನ್ನಗಿರಿ, ಹೊನ್ನಾಳಿ, ಅಷ್ಟು ದೂರದ ಜಗಳೂರಿನಿಂದಲೂ ಮದುಮಕ್ಕಳು ಈ ಪರದೆ ಸರಿಸಿಕೊಂಡು ಒಳಗೆ ಬರುತ್ತಾರೆ. ಬಂದವರೆಲ್ಲ ಹೋಗುವಾಗ ಒಂದೇ ಮಾತು ಹೇಳುತ್ತಾರೆ: "ಯಾರಿಗೂ ಗೊತ್ತಾಗ್‌ಬಾರ್ದು ನೋಡಮ್ಮ." ಯಾರಿಗೂ ಗೊತ್ತಾಗಬಾರದ ಒಡವೆ ಮಾರಿದವಳೇ ಮದುವೆಗೆ ಬಂದು ಮುಂದಿನ ಸಾಲಿನಲ್ಲಿ ಕೂತರೆ ಗುಟ್ಟು ಉಳಿಯುವುದುಂಟೆ? ಹಾಗಾಗಿ ಯಾರೂ ಕರೆಯುವುದಿಲ್ಲ. ಸಂತೆಯಲ್ಲಿ ಎದುರಾದರೆ ಪರಿಚಯವೇ ಇಲ್ಲದವರಂತೆ ಸೊಪ್ಪಿನ ಕಟ್ಟು ತಿರುಗಿಸಿ ನೋಡುತ್ತ ನಿಂತುಬಿಡುತ್ತಾರೆ.

"ನಮ್ಮನೆಯಾಕೆ ಅಂಥದ್ದಕ್ಕೆಲ್ಲ ಬೇಜಾರು ಮಾಡ್ಕಳಲ್ಲ" ಎಂದು ಅವಳ ಗಂಡ ಮಾಲತೇಶ ಎಲ್ಲರಿಗೂ ಹೇಳುತ್ತಾನೆ. ಗಂಡಂದಿರಿಗೆ ಇಂಥವು ತಿಳಿಯುವುದು ಅಷ್ಟಕ್ಕಷ್ಟೆ. ತಾನು ಆರಿಸಿಕೊಟ್ಟ ಒಡವೆ ಹಾಕಿಕೊಂಡ ಹುಡುಗಿಯನ್ನು ಒಂದು ಸಲವಾದರೂ ಮಂಟಪದಲ್ಲಿ ಕಣ್ಣಾರೆ ನೋಡಬೇಕೆಂಬ ಆಸೆ ನೇತ್ರಾವತಿಗೆ ಬಹಳ ಇತ್ತು. ಕೆಲವು ಹುಡುಗಿಯರು ಫೋಟೊ ಕಳಿಸುತ್ತಿದ್ದರು, ನೋಡಿದ ಮೇಲೆ ಅಳಿಸಿಬಿಡಬೇಕೆಂಬ ಷರತ್ತಿನ ಮೇಲೆ. ಅವಳು ಎರಡು ದಿನ ಇಟ್ಟುಕೊಂಡು, ಮತ್ತೆ ಮತ್ತೆ ನೋಡಿ, ಆಮೇಲೆ ಅಳಿಸುತ್ತಿದ್ದಳು.

ಈ ವ್ಯಾಪಾರ ಅವಳು ಹಿಡಿದದ್ದು ಒಂದು ಸಿಟ್ಟಿನಿಂದ. ಹೊನ್ನಾಳಿ ತಾಲ್ಲೂಕಿನ ತವರಿನಲ್ಲಿ ಅವಳ ಮದುವೆಯಾದಾಗ ಕೊರಳಿಗೆ ಹಾಕಿದ್ದ ಸರ ಚಿಕ್ಕಮ್ಮನದು, ಎರವಲು. ಚಿಕ್ಕಮ್ಮ ಮದುವೆಯುದ್ದಕ್ಕೂ ಮದುಮಗಳ ಮುಖ ನೋಡಲಿಲ್ಲ, ಸರವನ್ನೇ ನೋಡುತ್ತಿದ್ದಳು. ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಹಿಂದಿನಿಂದ ಬಂದು ಕೊಂಡಿ ಬಿಚ್ಚಿಕೊಂಡು ಹೋದಳು. ಬಳೆ ಅಂಗಡಿಯವನ ಹೆಂಡತಿಯಾಗಿ ನ್ಯಾಮತಿಗೆ ಬಂದ ನೇತ್ರಾವತಿ ಗಂಡನನ್ನು ಪೀಡಿಸಿ ಮೊದಲ ಆರು ಸೆಟ್ಟು ತರಿಸಿದ್ದು ಆ ಪಾಯಸ ಗಂಟಲಲ್ಲಿ ಸಿಕ್ಕಿಕೊಂಡ ನೆನಪಿಗೆ.

ಆರಿಸುವುದರಲ್ಲಿ ಅವಳದೇ ಒಂದು ರೀತಿ. ಕನ್ನಡಿ ಕೊಡುವುದು ಕೊನೆಗೆ. ಹುಡುಗಿಗೆ ಸರ ಹಾಕಿ, ರಸ್ತೆಯ ಆಚೆ ಹೋಗಿ ನಿಲ್ಲಲು ಹೇಳುತ್ತಾಳೆ. ತಾಯಿ ಈಚೆಯಿಂದ ನೋಡಬೇಕು. "ಮದ್ವೆಗೆ ಬಂದೋರು ಕೊಳ್ಳಿಗೆ ಮೂಗಿಟ್ಟು ನೋಡಲ್ಲ ಕಣಕ್ಕ, ಕುರ್ಚಿ ಮ್ಯಾಲೆ ಕೂತು ಇಷ್ಟು ದೂರದಿಂದ ನೋಡ್ತಾರೆ" ಎನ್ನುತ್ತಾಳೆ. ಸೆಟ್ಟಿನಲ್ಲಿ ಇರುವುದನ್ನೆಲ್ಲ ಒಟ್ಟಿಗೆ ಹೇರಲು ಬಿಡುವುದಿಲ್ಲ. ಕೊರಳಿಗೆ ಒತ್ತಿ ಕೂರುವ ಅಡ್ಡಿಕೆ ಒಂದು, ಉದ್ದನೆಯ ಸರ ಒಂದು, ಜುಮುಕಿ, ಬೈತಲೆಬೊಟ್ಟು. ಸೊಂಟಕ್ಕೆ ಡಾಬು ಬೇಕೆಂದರೆ ತೋಳಿನ ವಂಕಿ ಬಿಡಬೇಕು, ವಂಕಿ ಬೇಕೆಂದರೆ ಡಾಬು. ಇದರಿಂದ ವ್ಯಾಪಾರ ಕಡಿಮೆಯಾಗುತ್ತದೆಂದು ಮಾಲತೇಶ ಗೊಣಗುವುದು ಹದಿನೆಂಟು ವರ್ಷದಿಂದಲೂ ನಡೆದಿದೆ.

ಈ ವರ್ಷದ ಫೆಬ್ರವರಿಯಲ್ಲಿ ಸೊಕ್ಕೆಯಿಂದ ಶಂಕರಮ್ಮ ಬಂದಳು. ಜಗಳೂರು ಸೀಮೆಯ ಮೆಕ್ಕೆಜೋಳ, ಶೇಂಗಾದ ಮನೆಯವಳು. ಹಿರಿಮಗಳು ಅರುಣಾಳನ್ನು ನ್ಯಾಮತಿ ಹತ್ತಿರದ ಹಳ್ಳಿಯ ಅಡಿಕೆ ವ್ಯಾಪಾರದ ಮನೆಗೆ ಕೊಡುವುದೆಂದು ನಿಶ್ಚಯವಾಗಿತ್ತು, ಮದುವೆ ಗಂಡಿನ ಊರಿನಲ್ಲಿ. ಅವತ್ತು ಬೀಗರ ಜೊತೆ ಜವಳಿ ತೆಗೆಯಲು ಬಂದವಳು, ಅವರು ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಹೂವು ತರುತ್ತೇನೆಂದು ಸುಳ್ಳು ಹೇಳಿ ಇಬ್ಬರು ಹೆಣ್ಣುಮಕ್ಕಳನ್ನೂ ಎಳೆದುಕೊಂಡು ಅಂಗಡಿಗೆ ನುಗ್ಗಿದ್ದಳು. ಕೂರುವ ಮೊದಲೇ ಪರದೆ ಎಳೆದಳು.

"ಮದುಮಗಳಿಗೆ ಒಂದು ಒಳ್ಳೆ ಸೆಟ್ ತೋರ್ಸಮ್ಮ. ಉಳಿದಿದ್ರಾಗೆ ಇವಳಿಗೆ ಏನಾರ ಒಂದು" ಎಂದು ಕಿರಿಯವಳು ಚೌಡೇಶ್ವರಿಯ ಕಡೆ ಗಲ್ಲ ತೋರಿಸಿದಳು. "ಕಳಸಗಿತ್ತಿ ಇವಳೇ."

ಧಾರೆಯುದ್ದಕ್ಕೂ ಕಳಸ ಹಿಡಿದು ಮದುಮಗಳ ಪಕ್ಕದಲ್ಲಿ ನಿಲ್ಲುವವಳು ಕಳಸಗಿತ್ತಿ. ಅವಳಿಲ್ಲದ ಫೋಟೊ ಇಲ್ಲ. ಆದರೂ ಎಲ್ಲರ ಮನೆಯಲ್ಲೂ ಅವಳ ಪಾಲಿಗೆ ಬರುವುದು ಉಳಿದದ್ದು.

"ಹಂಗಾದ್ರೆ ಮೊದ್ಲು ಇವಳಿಗೇ ನೋಡಾನ" ಎಂದಳು ನೇತ್ರಾವತಿ.

"ಅದ್ಯಾಕಮ್ಮ?"

"ಕೊನಿಗೆ ನೋಡಿದ್ರೆ ಕೈಗೆ ಸಿಕ್ಕಿದ್ದು ತಗಂತೀರಿ ಅಕ್ಕ. ಅಗ್ಗದ್ದು ಯಾವಾಗ್ಲೂ ಜಾಸ್ತಿ ಹೊಳೀತೈತೆ. ಪಕ್ಕದಾಗೆ ನಿಂತೋಳು ಫಳಫಳ ಅಂತಿದ್ರೆ ಮದುಮಗಳು ಮಂಕಾಗ್ತಾಳೆ. ಕಳಸಗಿತ್ತಿಗೆ ತಣ್ಣಗಿರೋದು ಹಾಕಿ, ಆಗ ಮದುಮಗಳಿಗೆ ಸಾಧಾರಣದ್ದು ಹಾಕಿದ್ರೂ ಎದ್ದು ಕಾಣ್ತಾಳೆ."

ಚೌಡೇಶ್ವರಿಗೆ ಮುತ್ತಿನ ಸಣ್ಣ ಸರ, ಚಿಕ್ಕ ಜುಮುಕಿ ಒಪ್ಪಿತು. ತನಗೆ ಮೊದಲು ತೆಗೆದರೆಂಬ ಖುಷಿಗೆ ಹುಡುಗಿ ಅಕ್ಕನ ತೋಳು ಚಿವುಟಿದಳು. ಅರುಣಾ ಬಿ.ಕಾಂ ಮುಗಿಸಿದ ನೇರ ಮಾತಿನ ಹುಡುಗಿ. ಭಾರವಾಗುತ್ತದೆ, ಚುಚ್ಚುತ್ತದೆ ಎಂದು ನಾಲ್ಕನ್ನು ತೆಗೆದಿಟ್ಟಳು. ಐದನೆಯದು ಕೆಂಪು ಹರಳಿನ ಲಕ್ಷ್ಮೀಸರ. ಅದನ್ನು ಹಾಕಿಕೊಂಡು ರಸ್ತೆಯ ಆಚೆ, ಗೊಬ್ಬರದ ಚೀಲ ತುಂಬಿದ ಟೆಂಪೊ ಪಕ್ಕ ಅವಳು ನಿಂತಾಗ, ಈಚೆ ನಿಂತಿದ್ದ ತಾಯಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಬೀಗರೇನು ಇಷ್ಟು ಕೊಡ್ರಿ ಅಂತ ಕೇಳಿಲ್ಲಮ್ಮ. ತಾಳಿ, ಓಲೆ, ಒಂದುಂಗ್ರ ಬಂಗಾರದ್ದೇ ಮಾಡ್ಸೀವಿ" ಎಂದಳು ಶಂಕರಮ್ಮ ಒಳಗೆ ಬಂದ ಮೇಲೆ. "ಆದ್ರೆ ನಮ್ಮ ಬೀಗಿತ್ತಿ ಕೊಳ್ಳು ತುಂಬ ಹಾಕ್ಕಂಡು ನಿಲ್ಲೋ ಹೆಂಗ್ಸು. ಮೊದಲ್ನೇ ದಿನಾನೇ ನನ್ನ ಮಗಳು ಅವ್ರ ಮುಂದೆ ಸಣ್ಣೋಳಾಗ್‌ಬಾರ್ದು. ಅವ್ರಿಗೆ ಮಾತ್ರ ಗೊತ್ತಾಗ್‌ಬಾರ್ದು, ನಿನ್ನ ಕೈ ಮುಗೀತೀನಿ."

"ನನ್ನ ಬಾಯಿಂದ ಬರಲ್ಲ ಅಕ್ಕ. ಒಂದು ಮಾತು ನೆನಪಿಟ್ಕಳ್ರಿ. ಸುರಿಗೆ ನೀರಿಗೆ ಕೂರೋಕೆ ಮುಂಚೆ ತೆಗೆದಿಡ್ರಿ. ಬಿಸಿನೀರು, ಅರಿಶಿಣ ತಾಗಿದ್ರೆ ಮುಗೀತು, ಹರಳು ಕಪ್ಪಾಗ್ತವೆ."

ಅವರು ಹೋದ ಮೇಲೆ ನೇತ್ರಾವತಿ ಕುರ್ಚಿಯಲ್ಲಿ ಕೂತು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹತ್ತು ದಿನದ ಹಿಂದೆ ಅದೇ ಕುರ್ಚಿಯಲ್ಲಿ ಶಂಕರಮ್ಮನ ಬೀಗಿತ್ತಿ, ಗಂಡಿನ ತಾಯಿ ಕಸ್ತೂರಮ್ಮ ಕೂತಿದ್ದಳು. ಅವಳ ಚಿನ್ನವೆಲ್ಲ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲಿ ಹಂಚಿಹೋಗಿತ್ತು. ಇದೇ ಲಾಟಿನ ಕೆಂಪು ಹರಳಿನ ಉದ್ದ ಸರವೊಂದನ್ನು ಆರಿಸಿಕೊಂಡು, "ಸೊಕ್ಕೆ ಬೀಗರು ಮಗಳಿಗೆ ಮೈ ತುಂಬ ಹಾಕ್ತಾರಂತೆ ಕಣೇ ನೇತ್ರಾ. ಅವ್ರ ಮುಂದೆ ನಾನು ಬರೀ ಕೊಳ್ಳಾಗೆ ನಿಲ್ಲಾಕಾಗ್ತೈತಾ? ಅವ್ರಿಗೆ ಮಾತ್ರ ಗೊತ್ತಾಗ್‌ಬಾರ್ದು" ಎಂದು ಹೇಳಿ ಹೋಗಿದ್ದಳು. ಅವಳಿಗೂ ಸುರಿಗೆಯ ಮಾತು ಹೇಳಿಯಾಗಿತ್ತು. ಹೊಟ್ಟೆಯಲ್ಲಿದ್ದದ್ದನ್ನು ನೇತ್ರಾವತಿ ಗಂಡನಿಗೂ ಹೇಳಲಿಲ್ಲ.

ಮದುವೆಯ ದಿನ ಬೆಳಗ್ಗೆ ಆರೂವರೆ. ನೇತ್ರಾವತಿ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಫೋನು ಬಂತು. ಶಂಕರಮ್ಮ, ಅಳುವ ದನಿಯಲ್ಲಿ: "ಸರ ಕಪ್ಪಾಗೈತಮ್ಮ! ಹರಳು ಉದುರ್ತಾವೆ!" ಅದನ್ನು ಇಟ್ಟು ಎರಡು ನಿಮಿಷವಾಗಿಲ್ಲ, ಇನ್ನೊಂದು ಫೋನು. ಕಸ್ತೂರಮ್ಮ, ಪಿಸುದನಿಯಲ್ಲಿ: "ನೇತ್ರಾ, ಸರ ಹಾಳಾತು ಕಣೇ. ಹಿಂದ್ಗಡೆ ಬಾಗಿಲಾಗೆ ಬಾ. ಸೊಕ್ಕೆಯೋರ ಕಣ್ಣಿಗೆ ಬೀಳ್‌ಬ್ಯಾಡ."

ಏನಾಯಿತೆಂಬುದನ್ನು ಅವಳು ಆಮೇಲೆ ಎರಡೂ ಕಡೆಯವರಿಂದ ಕೇಳಿದಳು. ಗಂಡಿನ ಮನೆಯ ಅಂಗಳದಲ್ಲಿ ಸುರಿಗೆಯ ಸ್ನಾನಕ್ಕೆಂದು ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನೂ ಅವರ ತಾಯಂದಿರನ್ನೂ ಕೂರಿಸಿದ್ದರು. ವಿಡಿಯೊದವನು ಬಂದಿದ್ದಾನೆಂದು ಕಸ್ತೂರಮ್ಮನೂ ಅರುಣಾಳೂ ಸರ ಹಾಕಿಕೊಂಡೇ ಬಂದಿದ್ದರು. ನೀರು ಹೊಯ್ಯುವ ಮುಂಚೆ ಮುತ್ತೈದೆಯೊಬ್ಬಳು, "ಒಡವೆ ತೆಗೆದಿಡ್ರವ್ವ" ಎಂದಳು. ಅಲ್ಲಿ ಸಿಕ್ಕಿಬಿತ್ತು ನೋಡಿ. ಬಂಗಾರವಾದರೆ ನೀರಿಗೆ ಯಾಕೆ ಹೆದರಬೇಕು? ಯಾರು ಮೊದಲು ಕೊಂಡಿಗೆ ಕೈ ಹಾಕುತ್ತಾರೋ ಅವರದು ಒನ್‌ಗ್ರಾಂ ಎಂದು ಊರಿಗೇ ಡಂಗುರ ಹೊಡೆದ ಹಾಗೆ. ಬೀಗಿತ್ತಿ ತೆಗೆಯಲಿ ಎಂದು ಶಂಕರಮ್ಮ ಕಾದಳು, ಸೊಸೆ ತೆಗೆಯಲಿ ಎಂದು ಕಸ್ತೂರಮ್ಮ ಕಾದಳು. ಅರುಣಾ ಕೈ ಎತ್ತಿದ್ದಳಂತೆ, ತಾಯಿ ತೊಡೆ ಚಿವುಟಿ ಇಳಿಸಿದಳು. "ಬಂಗಾರಕ್ಕೇನಾಗ್ತೈತೆ, ಹಾಕ್ರಿ ನೀರು" ಎಂದರು ಇಬ್ಬರು ತಾಯಂದಿರೂ. ಎಣ್ಣೆ, ಅರಿಶಿಣ, ಹಂಡೆಗಟ್ಟಲೆ ಬಿಸಿನೀರು. ಚೌಡೇಶ್ವರಿ ಮಾತ್ರ, ನನ್ನದೇನು ಯಾರು ನೋಡುತ್ತಾರೆಂದು, ತನ್ನ ಮುತ್ತಿನ ಸರವನ್ನು ಮೊದಲೇ ಬಿಚ್ಚಿ ಡಬ್ಬಿಗೆ ಹಾಕಿದ್ದಳು.

ಮಾಲತೇಶನ ಬೈಕಿನಲ್ಲಿ ನೇತ್ರಾವತಿ ಹೋಗಿ ಇಳಿದಾಗ ಏಳೂಕಾಲು. ಮುಹೂರ್ತ ಹತ್ತೂವರೆಗೆ. ಸೀಸನ್ ಆದ್ದರಿಂದ ಅಂಗಡಿಯಲ್ಲಿ ಬದಲಿ ಕೊಡಲು ಒಂದು ಸೆಟ್ಟೂ ಉಳಿದಿರಲಿಲ್ಲ, ತಂದದ್ದು ಅಂಟು, ಚಿಮಟ, ಹಳೆಯ ಹಲ್ಲುಜ್ಜುವ ಬ್ರಷ್ಷು, ಹತ್ತಿ. ಹಿಂದಿನ ಬಾಗಿಲಿನಿಂದ ಉಗ್ರಾಣ ಸೇರಿಕೊಂಡು, ಅಕ್ಕಿ ಚೀಲದ ಮೇಲೆ ಟವೆಲು ಹಾಸಿದಳು. ಶಂಕರಮ್ಮ ಸೆರಗಿನೊಳಗೆ ಮುಚ್ಚಿ ತಂದ ಸರ ಕೊಟ್ಟು ಹೋದಳು. ಅವಳು ಹೋಗುವುದನ್ನೇ ಕಾದಂತೆ ಕಸ್ತೂರಮ್ಮ ಬಂದು ತನ್ನದನ್ನು ಕೊಟ್ಟಳು. ಮೊದಲಿನದು ಅಷ್ಟರಲ್ಲಿ ನೇತ್ರಾವತಿಯ ಮಡಿಲಲ್ಲಿ ಅಡಗಿತ್ತು.

ಬಾಗಿಲು ಮುಂದಕ್ಕೆ ಮಾಡಿಕೊಂಡು ಎರಡನ್ನೂ ಟವೆಲಿನ ಮೇಲೆ ಅಕ್ಕಪಕ್ಕ ಹರವಿ ನೋಡಿದಳು. ಎರಡರಲ್ಲೂ ಅರ್ಧಕ್ಕರ್ಧ ಹರಳು ಕಪ್ಪಿಟ್ಟಿದ್ದವು. ಒಳ್ಳೆಯ ಹರಳೆಲ್ಲ ಒಂದಕ್ಕೇ ಕೂರಿಸಿದರೆ ಅದೊಂದು ಉಳಿಯುತ್ತದೆ. ಯಾರದನ್ನು ಉಳಿಸಬೇಕು? ಇನ್ನೊಬ್ಬರಿಗೆ ಏನು ಹೇಳಬೇಕು? ಗುಟ್ಟು ಒಡೆದರೆ ಒಂದು ಮನೆಯ ಹೆಣ್ಣು ಮೊದಲ ದಿನವೇ ಅತ್ತೆಯ ಮುಂದೆ ತಲೆ ತಗ್ಗಿಸಬೇಕು. ಅಂಗಡಿಯ ಮಾತಂತೂ ಬಿಡಿ, ನಾಳೆಯಿಂದ ಆ ಪರದೆ ಸರಿಸುವವರೇ ಇರುವುದಿಲ್ಲ.

ಬಾಗಿಲು ಕಿರ್ರೆಂದಿತು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಅರುಣಾ ಬಂದಿದ್ದಳು.

"ಆಂಟಿ, ಸರಿಯಾಗ್ತೈತಾ?" ಎಂದು ಬಗ್ಗಿದವಳು ಹಾಗೇ ನಿಂತಳು. "ಇದು ನಮ್ಮತ್ತೇದಲ್ವಾ?"

ನೇತ್ರಾವತಿ ಟವೆಲಿನ ತುದಿ ಎಳೆದು ಮುಚ್ಚಿದಳು. "ನಂಗೊತ್ತಿಲ್ಲವ್ವ."

"ನೀವೇ ಮುಚ್ಚಿದ್ರಲ್ಲ ಆಂಟಿ!"

ಹುಡುಗಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಹಿಡಿದು, ಬೇಳೆ ಮೂಟೆಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅಷ್ಟರಲ್ಲಿ, "ಆತೇನೇ ನೇತ್ರಾ?" ಎನ್ನುತ್ತ ಕಸ್ತೂರಮ್ಮನೇ ಒಳಗೆ ಬಂದಳು. ಸೊಸೆಯನ್ನು ಕಂಡಳು, ಟವೆಲನ್ನು ಕಂಡಳು. ಮುಖ ಸುಣ್ಣವಾಯಿತು.

"ನೀನು ಹೇಳಿದ್ಯಾ?" ಎಂದಳು ನೇತ್ರಾವತಿಗೆ.

ಉತ್ತರ ಕೊಟ್ಟವಳು ಅರುಣಾ.

"ಅವ್ರೇನೂ ಹೇಳ್ಲಿಲ್ಲ ಅತ್ತೆ. ನಾನೇ ನೋಡ್ದೆ." ಟವೆಲು ಸರಿಸಿ ತನ್ನ ಸರ ಎತ್ತಿ ಹಿಡಿದಳು. "ನಂದೂ ಇಲ್ಲೇ ಐತೆ ನೋಡ್ರಿ. ನಿಮ್ದಕ್ಕಿಂತ ಜಾಸ್ತಿ ಕಪ್ಪಾಗೈತೆ."

ಕಸ್ತೂರಮ್ಮ ಒಂದು ಸಲ ಆ ಸರ, ಒಂದು ಸಲ ಈ ಸರ ನೋಡಿದಳು. ಮೆಲ್ಲಗೆ ಅಕ್ಕಿ ಚೀಲದ ಮೇಲೆ ಕೂತಳು.

"ಅಯ್ಯೋ ನನ್ನ ಕರ್ಮವೇ! ನಿಂದು ಬಂಗಾರ ಅಂದ್ಕಂಡು ನಾನು ತೆಗೀದೆ ಕೂತ್ನಲ್ಲೇ!"

"ನಿಮ್ದು ಬಂಗಾರ ಅಂತ ನಮ್ಮವ್ವ ನಂಗೆ ತೆಗಿಯಾಕೆ ಬಿಡ್ಲಿಲ್ಲ ಅತ್ತೆ. ತೊಡೆ ಇನ್ನೂ ಉರೀತೈತೆ."

ಮೊದಲು ನಕ್ಕದ್ದು ಕಸ್ತೂರಮ್ಮ. ದಪ್ಪ ಹೆಂಗಸು, ನಕ್ಕರೆ ಮೈಯೆಲ್ಲ ಕುಲುಕುತ್ತದೆ. ನಗು ಕೇಳಿ ಗಾಬರಿಯಿಂದ ಓಡಿಬಂದ ಶಂಕರಮ್ಮ ಬಾಗಿಲಲ್ಲೇ ಕಂಬವಾದಳು.

"ಬರ್ರಿ ಬೀಗಿತ್ತಿ, ಬರ್ರಿ" ಎಂದಳು ಕಸ್ತೂರಮ್ಮ ಕಣ್ಣೊರೆಸಿಕೊಳ್ಳುತ್ತ. "ನಿಮ್ಮ ಬಂಗಾರ, ನಮ್ಮ ಬಂಗಾರ, ಎರಡೂ ಇಲ್ಲೇ ಒಣಗಾಕೆ ಬಿದ್ದಾವೆ."

ಶಂಕರಮ್ಮನಿಗೆ ನಗು ಬರಲಿಲ್ಲ, ಅಳು ಬಂತು. "ತಪ್ಪು ತಿಳ್ಕಬ್ಯಾಡ್ರಿ. ನನ್ನ ಮಗಳು ನಿಮ್ಮ ಮನಿಗೆ ಕಡಿಮೆ ಆಗ್‌ಬಾರ್ದು ಅಂತ..."

"ನಾವೇನಾರ ಕೇಳಿದ್ವಾ? ನಾನೂ ಇದೇ ಕೆಲಸ ಮಾಡೀನಿ, ನಿಮ್ಗೇನು ಅನ್ಲಿ?" ಎಂದು ಅವಳನ್ನು ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ ನೇತ್ರಾವತಿಯ ಕಡೆ ತಿರುಗಿದಳು. "ನಂದರ ಹರಳೆಲ್ಲ ಕಿತ್ತು ಹುಡುಗಿ ಸರಕ್ಕೆ ಹಾಕು. ನಂಗೆ ತಾಳಿ ಐತಲ್ಲ, ಸಾಕು."

ಒಂದೂವರೆ ತಾಸು ನೇತ್ರಾವತಿ ತಲೆ ಎತ್ತಲಿಲ್ಲ. ಅತ್ತೆಯ ಸರದಿಂದ ಒಂದೊಂದೇ ಕೆಂಪು ಹರಳು ಚಿಮಟದಲ್ಲಿ ಬಿಡಿಸಿ, ಸೊಸೆಯ ಸರದ ಕುಳಿಗೆ ಅಂಟು ಹಾಕಿ ಕೂರಿಸಿದಳು. ಇಬ್ಬರು ಬೀಗಿತ್ತಿಯರೂ ಅಲ್ಲೇ ಕೂತು ಹತ್ತಿಯಲ್ಲಿ ಒರೆಸಿ ಒರೆಸಿ ಕೊಟ್ಟರು. ಕೊಂಡಿ ಹಾಕಿ ಮುಗಿಸಿದವಳೇ ಅಭ್ಯಾಸದಂತೆ ಚೀಲ ಕಟ್ಟಿ ಹಿಂದಿನ ಬಾಗಿಲ ಕಡೆ ಹೊರಟಳು.

"ಎತ್ಲಾಗೆ?" ಎಂದಳು ಕಸ್ತೂರಮ್ಮ.

"ಅಂಗಡಿ ತೆಗೀಬೇಕು ಅಕ್ಕಾರೆ."

"ಅಂಗಡಿ ಎಲ್ಲೂ ಓಡಿಹೋಗಲ್ಲ. ಮುಂದ್ಗಡೆ ಬಾಗಿಲಾಗೆ ಬಂದು ಕೂತ್ಕ. ಉಣ್ದೆ ಹೋದ್ರೆ ನೋಡು ಮತ್ತೆ."

ಚಪ್ಪರದಡಿ ನೇತ್ರಾವತಿ ಕೊನೆಯ ಸಾಲಿನಲ್ಲಿ ಕೂತಳು. ಉಟ್ಟಿದ್ದದ್ದು ಮನೆಯ ಸೀರೆ, ಬೆರಳಿಗೆಲ್ಲ ಅಂಟು. ಸುತ್ತಲೂ ಅವಳ ಗಿರಾಕಿಗಳೇ ಏಳೆಂಟು ಜನ ಇದ್ದರು. ಅವಳನ್ನು ಕಂಡು ಒಬ್ಬಳು ಮೊಬೈಲ್ ತೆಗೆದಳು, ಒಬ್ಬಳು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಹೊನ್ನಾಳಿಯ ಪ್ರೇಮಲತಾ, ಕಸ್ತೂರಮ್ಮನ ತಂಗಿ, ಮೂರು ವರ್ಷದ ಹಿಂದೆ ಮಗಳ ಮದುವೆಗೆ ಇದೇ ಅಂಗಡಿಯಿಂದ ಕಾಸಿನ ಸರ, ಡಾಬು, ಕಳಸಗಿತ್ತಿಯ ಸೆಟ್ಟು ಒಯ್ದವಳು, ಮುಂದಿನ ಸಾಲಿನಿಂದ ಒಮ್ಮೆ ತಿರುಗಿ ನೋಡಿ ತಟ್ಟನೆ ಮುಖ ಆಚೆ ಹಾಕಿದಳು. ನೇತ್ರಾವತಿಗೆ ಎದ್ದು ಹೋಗಿಬಿಡೋಣ ಎನಿಸಿತು.

ಆದರೆ ಅಷ್ಟರಲ್ಲಿ ಅರುಣಾ ಮಂಟಪಕ್ಕೆ ಬಂದಳು. ಪಕ್ಕದಲ್ಲಿ ಕಳಸ ಹಿಡಿದ ಚೌಡೇಶ್ವರಿ, ಮುತ್ತಿನ ಸರದಲ್ಲಿ ತಣ್ಣಗೆ. ತಾಳಿ ಕಟ್ಟಿದರು, ಅಕ್ಕಿಕಾಳು ಬಿದ್ದವು. ಹಾರ ಬದಲಾಯಿಸುವಾಗ ಲಕ್ಷ್ಮೀಸರ ಹಾರದ ನಾರಿಗೆ ಸಿಕ್ಕಿ ತಿರುಗಿಕೊಂಡಿತು. ಮಂಟಪದ ಮೇಲಿದ್ದ ಕಸ್ತೂರಮ್ಮ ಅದನ್ನು ನೋಡಿದಳು. ತಾನೇ ಕೈ ಚಾಚಿ ಸರಿ ಮಾಡಬಹುದಿತ್ತು. ಮಾಡಲಿಲ್ಲ. ತಲೆಯೆತ್ತಿ, ವಾಲಗದವರ ದನಿಯನ್ನೂ ಮೀರಿಸಿ ಕೂಗಿದಳು:

"ಏ ನೇತ್ರಾವತಿ! ಬಾ ಇಲ್ಲಿ. ನೀನು ಕೊಟ್ಟ ಸರ ತಿರುಗೈತೆ, ಸರಿ ಮಾಡು."

ಚಪ್ಪರದ ಹೆಂಗಸರೆಲ್ಲ ಒಟ್ಟಿಗೆ ಹಿಂದೆ ತಿರುಗಿದರು. ನೇತ್ರಾವತಿ ಅಂಟು ಹತ್ತಿದ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಕಸ್ತೂರಮ್ಮ ಇನ್ನೊಮ್ಮೆ ಕೈ ಬೀಸಿದಳು. ಕುರ್ಚಿಗಳ ನಡುವೆ ಹೇಗೆ ನಡೆದು, ಹೇಗೆ ಮೆಟ್ಟಿಲು ಹತ್ತಿದಳೋ ಅವಳಿಗೇ ನೆನಪಿಲ್ಲ. ಮದುಮಗಳ ಕೊರಳ ಹಿಂದೆ ಕೈ ಹಾಕಿ ಸರ ನೇರ ಮಾಡಿ, ಪದಕವನ್ನು ನಡುವಿಗೆ ತಂದಳು.

"ಚೆನ್ನಾಗಿ ಕಾಣ್ತೀನಾ ಆಂಟಿ?" ಎಂದಳು ಅರುಣಾ ಮೆಲ್ಲಗೆ.

ಇಷ್ಟು ವರ್ಷ ಕಾದು ಮದುಮಗಳನ್ನು ಮಂಟಪದಲ್ಲಿ ನೋಡಲು ನಿಂತವಳಿಗೆ ಕಣ್ಣು ತುಂಬಿ ಏನೂ ಸರಿಯಾಗಿ ಕಾಣಲಿಲ್ಲ. ಹೂಂ ಎಂದು ತಲೆಯಾಡಿಸಿದಳು. ಫೋಟೊದವನು, "ಅಮ್ಮಾ, ನೀವೂ ನಿಂತ್ಕಳ್ರಿ" ಎಂದ. ಚೌಡೇಶ್ವರಿ ಸರಿದು ಜಾಗ ಬಿಟ್ಟಳು.

ಮೆಟ್ಟಿಲಿಳಿದು ಬರುವಾಗ ಮುಂದಿನ ಸಾಲಿನಲ್ಲಿ ಪ್ರೇಮಲತಾ ಎದ್ದು ನಿಂತಿದ್ದಳು. ಸುತ್ತ ನಾಲ್ಕು ಜನ ನೋಡುತ್ತಿದ್ದರು. ಅವಳು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಬ್ಯಾಗು ಎತ್ತಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಬಾ ನೇತ್ರಾ, ಇಲ್ಲಿ ಕೂತ್ಕ. ನಮ್ಮ ಹುಡುಗಿ ಮದ್ವೆಗೂ ನಿನ್ನ ಕರೀಬೇಕಾಗಿತ್ತು ಕಣೇ. ಕರೀಲಿಲ್ಲ ನಾನು."

ನೇತ್ರಾವತಿ ಸೆರಗಿನಿಂದ ಮುಖ ಒರೆಸಿಕೊಂಡು ಅವಳ ಪಕ್ಕ ಕೂತಳು.